ಬ್ರೇಕ್ ದ್ರವದ ಇಳಿಮಟ್ಟ: ಹಳೆಯ ವಾಹನಗಳ ಮಾಲೀಕರಿಗೊಂದು ತಿಳಿವಳಿಕೆ

ಮೋಟಾರು ವಾಹನವು ಓಡುವುದಕ್ಕೆ ಬೇಕಾದ ಸಾಧನಗಳ ಬಗೆಗೆ ಅದರ ಮಾಲೀಕರಿಗೆ ಇರುವ ಕಾಳಜಿ, ಅದು ನಿಲ್ಲುವುದಕ್ಕೆ ಬೇಕಾದ ಸಾಧನಗಳ ಬಗೆಗೆ ಸಾಮಾನ್ಯವಾಗಿ ಇರುವುದಿಲ್ಲ. ಬಾನೆಟ್ ತೆರೆದವರು ಎಂಜಿನ್ ಆಯಿಲ್ ಅಳೆಯುತ್ತಾರೆ, ರೇಡಿಯೇಟರಿಗೆ ನೀರು ಹಾಕುತ್ತಾರೆ, ಬ್ಯಾಟರಿಯ ಮುಚ್ಚಳಗಳನ್ನು ಬಿಚ್ಚಿ ನೋಡುತ್ತಾರೆ. ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಆನಿಕೊಂಡು, ಚಾಲಕನ ಪೆಡಲುಗಳ ನೇರಕ್ಕೆ ಕುಳಿತಿರುವ ಪುಟ್ಟ ಡಬ್ಬಿಯೊಂದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ನಾಲ್ಕೂ ಚಕ್ರಗಳನ್ನು ತಡೆದು ನಿಲ್ಲಿಸುವ ದ್ರವದ ಭಂಡಾರ ಅದೇ ಆಗಿದೆ. ಆ ಡಬ್ಬಿಯಲ್ಲಿ ದ್ರವ ಕಡಿಮೆಯಾದರೆ ಅಂಗಡಿಯಿಂದ ಒಂದು ಶೀಸೆ ತಂದು ತುಂಬಿಸಿದರಾಯಿತು ಎಂಬುದು ಸಾರ್ವತ್ರಿಕ ಭಾವನೆ. ಈ ಉಪನ್ಯಾಸದ ಉದ್ದೇಶ ಆ ಭಾವನೆಯನ್ನು ಪರೀಕ್ಷೆಗೆ ಒಡ್ಡುವುದು.

ಬ್ರೇಕ್ ದ್ರವವು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಸುಟ್ಟುಹೋಗಬಹುದು, ರೇಡಿಯೇಟರಿನ ನೀರು ಆವಿಯಾಗಬಹುದು. ಬ್ರೇಕ್ ವ್ಯವಸ್ಥೆಯಾದರೋ ಮುಚ್ಚಿದ ಕೊಳವೆಗಳ ಜಾಲ. ಪೆಡಲು ಒತ್ತಿದಾಗ ದ್ರವ ಚಕ್ರದ ಕಡೆಗೆ ಸರಿಯುತ್ತದೆ, ಪೆಡಲು ಬಿಟ್ಟಾಗ ಹಿಂದಿರುಗುತ್ತದೆ. ಹಾಕಿದಷ್ಟು ದ್ರವ ವರ್ಷ ಕಳೆದರೂ ಅಷ್ಟೇ ಇರಬೇಕು. ಆದ್ದರಿಂದ ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದರೆ ಕಾರಣ ಎರಡರಲ್ಲೊಂದು: ಬ್ರೇಕಿನ ಸವೆಯುವ ಭಾಗಗಳು ಸವೆದು, ಆ ಜಾಗವನ್ನು ದ್ರವ ತುಂಬಿಕೊಂಡಿದೆ; ಅಥವಾ ದ್ರವ ಎಲ್ಲಿಯೋ ಹೊರಗೆ ಹೋಗುತ್ತಿದೆ. ಮೂರನೆಯ ಕಾರಣವಿಲ್ಲ. ಕಾರಣವನ್ನು ಹುಡುಕದೆ ಡಬ್ಬಿ ತುಂಬಿಸುವುದೆಂದರೆ, ಜ್ವರ ಬಂದವನ ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತೆಂದು ಹೇಳಿದಂತೆ.

ಹಳೆಯ ವಾಹನಗಳ ಮಾಲೀಕರು ಇದನ್ನು ವಿಶೇಷವಾಗಿ ಅರಿಯಬೇಕಾದ ಅಗತ್ಯವಿದೆ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. 1983ರಲ್ಲಿ ಆರಂಭವಾದ ಮಾರುತಿ 800ರ ಉತ್ಪಾದನೆಯೂ ಅದೇ ವರ್ಷ ಕೊನೆಗೊಂಡಿತು. ಮುಂಬಯಿಯ ಕುರ್ಲಾದಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರ್ ತಿಂಗಳಿನಲ್ಲಿ ಆ ನಗರದ ಟ್ಯಾಕ್ಸಿ ನಿಲ್ದಾಣಗಳಿಂದ ನಿವೃತ್ತವಾಯಿತು. ಆದರೂ ಖಾಸಗಿ ಒಡೆತನದಲ್ಲಿ ಇಂತಹ ವಾಹನಗಳು ಇಂದಿಗೂ ಓಡುತ್ತಿವೆ. ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿ ನೆಲೆಸಿದ ಅನೇಕ ಕುಟುಂಬಗಳಲ್ಲಿ ತಂದೆಯ ಕಾಲದ ಕಾರು ಭಾವನಾತ್ಮಕ ಕಾರಣಗಳಿಂದಲೂ ಉಳಿತಾಯದ ಕಾರಣದಿಂದಲೂ ಉಳಿದುಕೊಂಡಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದು, ಬಳಿಕ ತಪಾಸಣೆಗೆ ಒಳಪಟ್ಟು ಐದೈದು ವರ್ಷಗಳಿಗೆ ನವೀಕರಣಗೊಳ್ಳುತ್ತದೆ. ದೆಹಲಿ ವಲಯದಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನಿರ್ಬಂಧಗಳೂ ಇವೆ. ಒಂದು ತಪಾಸಣೆಗೂ ಮುಂದಿನ ತಪಾಸಣೆಗೂ ನಡುವೆ ಇರುವ ಐದು ವರ್ಷಗಳಲ್ಲಿ ಒಂದು ರಬ್ಬರ್ ವಾಷರ್ ಹಾಳಾಗಲು ಒಂದು ಮಳೆಗಾಲ ಸಾಕು. ಆ ಅವಧಿಯ ಹೊಣೆ ಮಾಲೀಕನದು ಮಾತ್ರ.

ಮೊದಲು ಈ ವ್ಯವಸ್ಥೆಯ ಕಾರ್ಯವಿಧಾನವನ್ನು ಸಂಕ್ಷೇಪವಾಗಿ ತಿಳಿಯುವುದು ಉಚಿತ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡ ಹೇರಿದರೆ ಆ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬುದನ್ನು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟನು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ಈ ತತ್ತ್ವವನ್ನು ನಾಲ್ಕೂ ಚಕ್ರಗಳ ಬ್ರೇಕಿಗೆ ಅಳವಡಿಸಿಕೊಂಡು ಬಂದಿತು. ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರ್ ದ್ರವವನ್ನು ಒತ್ತುತ್ತದೆ. ಉಕ್ಕಿನ ಸಣ್ಣ ಕೊಳವೆಗಳೂ, ಚಕ್ರದ ಬಳಿ ಬಾಗಬಲ್ಲ ರಬ್ಬರ್ ಹೋಸುಗಳೂ ಆ ಒತ್ತಡವನ್ನು ಒಯ್ಯುತ್ತವೆ. ಡ್ರಮ್ ಬ್ರೇಕಿನಲ್ಲಿ ವ್ಹೀಲ್ ಸಿಲಿಂಡರಿನ ಪಿಸ್ಟನ್ನುಗಳು ಹೊರಕ್ಕೆ ಸರಿದು, ಲೈನರ್ ಅಂಟಿಸಿದ ಎರಡು ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್ ಎಂಬ ಭಾಗವು ಎರಡು ಪ್ಯಾಡುಗಳ ನಡುವೆ ಉಕ್ಕಿನ ತಟ್ಟೆಯನ್ನು ಇಕ್ಕಳದಂತೆ ಹಿಡಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಇರುವ ದ್ರವ ಸಾಮಾನ್ಯ ಕಾರಿನಲ್ಲಿ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಮಾತ್ರ.

ಡಿಸ್ಕ್ ಮತ್ತು ಡ್ರಮ್‌ಗಳ ಈ ವ್ಯತ್ಯಾಸವು ದ್ರವ ಇಳಿದುದರ ಕಾರಣವನ್ನು ಪತ್ತೆಹಚ್ಚುವಾಗ ಬಹಳ ಮುಖ್ಯವಾಗುತ್ತದೆ. ಡಿಸ್ಕ್ ಬ್ರೇಕಿನ ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ತಾನಾಗಿಯೇ ಮುಂದೆ ಸರಿದು ಅಲ್ಲಿಯೇ ನಿಲ್ಲುತ್ತದೆ. ಅದರ ಹಿಂದೆ ಉಂಟಾದ ಜಾಗವನ್ನು ಡಬ್ಬಿಯಿಂದ ಬಂದ ದ್ರವ ತುಂಬುತ್ತದೆ. ಪಿಸ್ಟನ್ನಿನ ವ್ಯಾಸ 5 ಸೆಂಟಿಮೀಟರ್ ಇದ್ದು, ಒಂದು ಚಕ್ರದ ಎರಡು ಪ್ಯಾಡುಗಳು ಸೇರಿ 14 ಮಿಲಿಮೀಟರ್ ಸವೆದರೆ ಸುಮಾರು 27 ಮಿಲಿಲೀಟರ್ ದ್ರವ ಆ ಚಕ್ರಕ್ಕೆ ಹೋಗಿರುತ್ತದೆ. ಮುಂದಿನ ಎರಡೂ ಚಕ್ರಗಳಿಗೆ ಸುಮಾರು 55 ಮಿಲಿಲೀಟರ್ ಆಯಿತು. ಡಬ್ಬಿಯ ಮೇಲಿನ ಗೆರೆಯಿಂದ ಕೆಳಗಿನ ಗೆರೆಯ ಹತ್ತಿರಕ್ಕೆ ಮಟ್ಟ ಇಳಿಯಲು ಇಷ್ಟು ಸಾಕಾಗಬಹುದು. ಈ ಇಳಿತ ಸಾವಿರಾರು ಕಿಲೋಮೀಟರುಗಳ ಓಟದಲ್ಲಿ, ತಿಂಗಳುಗಟ್ಟಲೆ ಕಾಲದಲ್ಲಿ, ನಿಧಾನವಾಗಿ ಆಗುವಂತಹುದು. ಇದು ಸೋರಿಕೆಯಲ್ಲ, ಪ್ಯಾಡ್ ಬದಲಿಸುವ ಕಾಲ ಬಂದಿದೆ ಎಂಬ ಸೂಚನೆ. ಇಂತಹ ಸಂದರ್ಭದಲ್ಲಿ ಅವಸರಪಟ್ಟು ಡಬ್ಬಿಯನ್ನು ತುಂಬಿಸಿದರೆ, ಹೊಸ ಪ್ಯಾಡ್ ಹಾಕಲು ಮೆಕ್ಯಾನಿಕ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ಹೆಚ್ಚಾದ ದ್ರವ ಉಕ್ಕಿ ಹೊರಬರುತ್ತದೆ. ಬ್ರೇಕ್ ದ್ರವ ಬಿದ್ದ ಕಡೆ ಬಣ್ಣ ಏಳುತ್ತದೆ. ಹಳೆಯ ಕಾರುಗಳಲ್ಲಿ ಡಬ್ಬಿಯ ಕೆಳಗಿನ ತಗಡು ಬಣ್ಣ ಕಳೆದುಕೊಂಡು ತುಕ್ಕು ಹಿಡಿದಿರುವುದಕ್ಕೆ ಬಹುಪಾಲು ಇದೇ ಕಾರಣ.

ಡ್ರಮ್ ಬ್ರೇಕಿನ ಕಥೆ ಬೇರೆ. ಲೈನರ್ ಸವೆದಾಗ ಮೆಕ್ಯಾನಿಕ್ ಹಿಂದಿನ ತಟ್ಟೆಯಲ್ಲಿರುವ ಅಡ್ಜಸ್ಟರನ್ನು ತಿರುಗಿಸಿ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರುತ್ತಾನೆ. ಆಗ ವ್ಹೀಲ್ ಸಿಲಿಂಡರಿನ ಪಿಸ್ಟನ್ನುಗಳು ಮೊದಲಿನ ಸ್ಥಾನಕ್ಕೇ ಮರಳುತ್ತವೆ. ಅಂದರೆ ಸವೆತದಿಂದ ದ್ರವದ ಮಟ್ಟ ಇಳಿಯುವುದು ಅತ್ಯಲ್ಪ. ಆದ್ದರಿಂದ ನಾಲ್ಕೂ ಚಕ್ರಗಳಿಗೆ ಡ್ರಮ್ ಇರುವ ಹಳೆಯ ಅಂಬಾಸಿಡರ್ ಅಥವಾ ಜೀಪಿನಲ್ಲಿ ದ್ರವ ಸ್ಪಷ್ಟವಾಗಿ ಇಳಿದಿದ್ದರೆ ‘ಪ್ಯಾಡ್ ಸವೆದಿರಬೇಕು’ ಎಂಬ ಸಮಾಧಾನಕ್ಕೆ ಎಡೆಯೇ ಇಲ್ಲ. ಅಲ್ಲಿ ಸೋರಿಕೆಯಿದೆ ಎಂದೇ ತಿಳಿಯತಕ್ಕದ್ದು. ಹೊಸ ಕಾರುಗಳಿಗೆ ಹೇಳಿದ ಸಲಹೆಯನ್ನು ಹಳೆಯ ಕಾರಿಗೆ ಹಾಗೆಯೇ ಅನ್ವಯಿಸುವವರು ಎಡವುವುದು ಇಲ್ಲಿಯೇ.

ಇನ್ನೊಂದು ವ್ಯತ್ಯಾಸವೂ ಗಮನಾರ್ಹವಾಗಿದೆ. ಈಚಿನ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪ್ರತ್ಯೇಕ ವಿಭಾಗಗಳಿದ್ದು, ಒಂದು ಜಾಲದ ದ್ರವ ಪೂರ್ತಿ ಸೋರಿದರೂ ಇನ್ನೊಂದು ಜಾಲ ಎರಡು ಚಕ್ರಗಳನ್ನಾದರೂ ಹಿಡಿಯುತ್ತದೆ. 1950 ಮತ್ತು 60ರ ದಶಕಗಳ ವಿನ್ಯಾಸದ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಜಾಲವಿತ್ತು. ಅಲ್ಲಿ ಹಿಂದಿನ ಎಡಗಾಲಿಯ ಒಂದು ಸಣ್ಣ ಕೊಳವೆ ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಉಳಿಯುವುದು ತಂತಿಯ ಮೂಲಕ ಕೆಲಸ ಮಾಡುವ ಹ್ಯಾಂಡ್ ಬ್ರೇಕ್ ಒಂದೇ. ಅದರ ತಂತಿಯೂ ಎಳೆದು ಸಡಿಲವಾಗಿರುವುದು ಹಳೆಯ ವಾಹನಗಳಲ್ಲಿ ಅಪರೂಪವೇನಲ್ಲ.

ಮಟ್ಟವನ್ನು ನೋಡುವ ಕ್ರಮ ಸರಳ. ವಾಹನ ಸಮತಟ್ಟಾದ ನೆಲದಲ್ಲಿ ನಿಂತಿರಬೇಕು. ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಾದರೆ ಹೊರಗಿನಿಂದಲೇ ಎರಡು ಗೆರೆಗಳ ನಡುವೆ ದ್ರವ ಕಾಣುತ್ತದೆ. ಡಬ್ಬಿ ಲೋಹದ್ದಾಗಿದ್ದರೆ ಅಥವಾ ಪ್ಲಾಸ್ಟಿಕ್ ಹಳದಿಗಟ್ಟಿ ಮಬ್ಬಾಗಿದ್ದರೆ ಮುಚ್ಚಳ ತೆಗೆಯದೆ ಗತ್ಯಂತರವಿಲ್ಲ. ತೆಗೆಯುವ ಮೊದಲು ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಬೇಕು, ಏಕೆಂದರೆ ಒಳಗೆ ಬಿದ್ದ ಒಂದು ಮರಳಿನ ಕಣವೂ ಸಿಲಿಂಡರಿನ ನುಣುಪಾದ ಒಳಮೈಯನ್ನು ಗೀರುತ್ತದೆ. ಕೆಲವು ಹಳೆಯ ವಿನ್ಯಾಸಗಳಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ನೆಲದ ಕೆಳಗೆ ಇರುತ್ತದೆ. ಅಂತಹ ವಾಹನಗಳಲ್ಲಿ ಅದನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಎಚ್ಚರಿಕೆಯ ಕೆಂಪು ದೀಪವಿರುವ ಕಾರುಗಳಲ್ಲಿ ಹ್ಯಾಂಡ್ ಬ್ರೇಕಿಗೂ ದ್ರವದ ಮಟ್ಟಕ್ಕೂ ಅನೇಕ ವೇಳೆ ಒಂದೇ ದೀಪ. ಹ್ಯಾಂಡ್ ಬ್ರೇಕನ್ನು ಪೂರ್ತಿ ಬಿಟ್ಟಿದ್ದರೂ ತಿರುವುಗಳಲ್ಲಿ ಅಥವಾ ಬ್ರೇಕ್ ಒತ್ತಿದಾಗ ಆ ದೀಪ ಕ್ಷಣಕಾಲ ಮಿನುಗಿದರೆ, ಡಬ್ಬಿಯ ದ್ರವ ತುಳುಕಿ ಮಟ್ಟಸೂಚಕ ಕೆಳಗಿಳಿಯುತ್ತಿದೆ ಎಂದರ್ಥ. ಹ್ಯಾಂಡ್ ಬ್ರೇಕಿನ ಸ್ವಿಚ್ಚು ಕೆಟ್ಟಿದೆ ಎಂದು ಬಲ್ಬನ್ನೇ ಕಿತ್ತುಹಾಕುವ ಜಾಣರೂ ಇದ್ದಾರೆ.

ಮಟ್ಟ ಇಳಿದಿರುವುದು ಖಚಿತವಾದ ಮೇಲೆ ಪೆಡಲನ್ನು ಪರೀಕ್ಷಿಸಬೇಕು. ವಾಹನ ನಿಂತಿರುವಾಗ, ಎಂಜಿನ್ ಚಾಲನೆಯಲ್ಲಿದ್ದಾಗ, ಪೆಡಲನ್ನು ದೃಢವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಪೆಡಲು ಒಂದೆಡೆ ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಒತ್ತಡ ಉಳಿಯುತ್ತಿದೆ ಎನ್ನಬಹುದು. ಕಾಲಡಿಯಲ್ಲಿ ಅದು ನಿಧಾನವಾಗಿ ಕುಸಿಯುತ್ತ ಹೋದರೆ ದ್ರವ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದು ದ್ರವ ಅಲ್ಲಿಯೇ ಹಿಂದಕ್ಕೆ ನುಸುಳುತ್ತಿದೆ. ಎರಡನೆಯ ದೋಷದಲ್ಲಿ ಡಬ್ಬಿಯ ಮಟ್ಟ ಇಳಿಯುವುದಿಲ್ಲ. ಡಬ್ಬಿ ತುಂಬಿದೆಯೆಂಬ ಧೈರ್ಯದಿಂದ ಹೊರಟವರಿಗೆ ಇದು ಹೆಚ್ಚು ಅಪಾಯಕಾರಿ. ಪೆಡಲು ಮೆತ್ತಗೆ ಸ್ಪಂಜಿನಂತಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಗಾಳಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ. ಮೊದಲ ಒತ್ತಿಗೆ ಕೆಳಗೆ ಹೋಗಿ ಎರಡು ಮೂರು ಸಲ ತುಳಿದ ಮೇಲೆ ಪೆಡಲು ಮೇಲೇರಿದರೆ ಗಾಳಿಯೂ ಕಾರಣವಿರಬಹುದು, ಡ್ರಮ್ಮಿನ ಶೂಗಳು ಬಹಳ ದೂರ ಸರಿದಿರುವುದೂ ಕಾರಣವಿರಬಹುದು.

ಇನ್ನು ಸೋರಿಕೆಯ ಸ್ಥಳ. ರಾತ್ರಿ ವಾಹನದ ಕೆಳಗೆ ಹಳೆಯ ರಟ್ಟಿನ ಹಾಳೆಗಳನ್ನು ಹರಡಿ ಬೆಳಿಗ್ಗೆ ನೋಡುವುದು ಹಳೆಯ ಉಪಾಯವಾದರೂ ಉತ್ತಮ ಉಪಾಯ. ಕಲೆ ಬಿದ್ದಿರುವ ಜಾಗದಿಂದ ಯಾವ ಚಕ್ರ ಎಂಬುದು ತಿಳಿಯುತ್ತದೆ. ಬಿದ್ದುದು ಬ್ರೇಕ್ ದ್ರವವೋ ಎಂಜಿನ್ ಆಯಿಲೋ ಎಂಬ ಸಂದೇಹ ಬಂದರೆ ಅದರ ಒಂದೆರಡು ಹನಿಗಳನ್ನು ನೀರು ತುಂಬಿದ ಗಾಜಿನ ಲೋಟಕ್ಕೆ ಹಾಕಬೇಕು. ಎಂಜಿನ್ ಆಯಿಲ್ ನೀರಿನ ಮೇಲೆ ತೇಲುತ್ತದೆ. ಸಾಮಾನ್ಯ ಬ್ರೇಕ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು, ಏಕೆಂದರೆ ಈ ದ್ರವ ವಿಷಕಾರಿ. ಹಲವು ಸೋರಿಕೆಗಳು ನೆಲಕ್ಕೆ ಬೀಳುವುದೇ ಇಲ್ಲ. ವ್ಹೀಲ್ ಸಿಲಿಂಡರಿನ ರಬ್ಬರ್ ಕಪ್ ಸೋರಿದಾಗ ದ್ರವ ಡ್ರಮ್ಮಿನ ಒಳಗೇ ಉಳಿದು ಲೈನರನ್ನು ನೆನೆಸುತ್ತದೆ. ಬ್ರೇಕ್ ಹಾಕಿದಾಗ ವಾಹನ ಒಂದು ಬದಿಗೆ ಎಳೆಯುವುದು, ಟೈರಿನ ಒಳಬದಿಯಲ್ಲಿ ಒದ್ದೆಯಾದ ಕಪ್ಪು ಗೆರೆಗಳು ಕಾಣುವುದು ಇದರ ಲಕ್ಷಣಗಳು. ಮಾಸ್ಟರ್ ಸಿಲಿಂಡರಿನ ಹಿಂತುದಿ ಸೋರಿದರೆ ಬೂಸ್ಟರ್ ಇಲ್ಲದ ಕಾರಿನಲ್ಲಿ ಪೆಡಲಿನ ದಂಡದ ಗುಂಟ ಇಳಿದು ಕಾಲಡಿಯ ಮ್ಯಾಟನ್ನು ಒದ್ದೆ ಮಾಡುತ್ತದೆ. ಬೂಸ್ಟರ್ ಇರುವ ಕಾರಿನಲ್ಲಿ ಅದು ಬೂಸ್ಟರಿನ ಹೊಟ್ಟೆಯೊಳಗೆ ಸೇರುತ್ತದೆ. ಹೊರಗೆ ಒಂದು ಹನಿಯೂ ಕಾಣದೆ ಡಬ್ಬಿ ಮಾತ್ರ ಬರಿದಾಗುವ ನಿಗೂಢಕ್ಕೆ ಇದೇ ಉತ್ತರ. ಆ ದ್ರವವನ್ನು ಎಂಜಿನ್ ಹೀರಿಕೊಂಡರೆ ಹೊಗೆಕೊಳವೆಯಲ್ಲಿ ಬಿಳಿ ಹೊಗೆಯೂ ಕಾಣಬಹುದು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ಊರುಗಳಲ್ಲಿ ಉಪ್ಪು ಗಾಳಿಯಿಂದ ಉಕ್ಕಿನ ಕೊಳವೆಗಳಿಗೆ ತುಕ್ಕು ಹಿಡಿಯುತ್ತದೆ, ಅದರಲ್ಲಿಯೂ ಕೊಳವೆಯನ್ನು ಚಾಸಿಗೆ ಹಿಡಿದಿಡುವ ಕ್ಲಿಪ್ಪುಗಳ ಅಡಿಯಲ್ಲಿ. ಕ್ಲಿಪ್ಪು ಸಡಿಲಿಸಿ ನೋಡದ ಹೊರತು ಅದು ಕಣ್ಣಿಗೆ ಬೀಳುವುದಿಲ್ಲ.

ಮಟ್ಟವಷ್ಟೇ ಅಲ್ಲ, ದ್ರವದ ಗುಣವೂ ಮುಖ್ಯ. ವಾಹನವನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. 1,200 ಕಿಲೋಗ್ರಾಂ ತೂಗುವ ಕಾರನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹೊರಬರುವ ಶಾಖ ಅರ್ಧ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಖಂಡಾಲದಿಂದ ಖೋಪೋಲಿಗೆ ಸುಮಾರು 500 ಮೀಟರ್ ಇಳಿತವಿದೆ. ಅಷ್ಟನ್ನೂ ಬ್ರೇಕಿನ ಮೇಲೆಯೇ ಇಳಿಸಿದರೆ 18 ಲೀಟರ್ ನೀರು ಕುದಿಸುವಷ್ಟು ಶಾಖ ಆ ಡ್ರಮ್ಮು, ಡಿಸ್ಕುಗಳಲ್ಲಿ ಹುಟ್ಟುತ್ತದೆ. ಅದರಲ್ಲಿ ಒಂದು ಪಾಲು ಚಕ್ರದ ಬಳಿಯ ದ್ರವಕ್ಕೂ ತಲುಪುತ್ತದೆ. ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ರಬ್ಬರ್ ಹೋಸುಗಳ ಮೂಲಕವೂ ಮುಚ್ಚಳದ ಸಣ್ಣ ರಂಧ್ರದ ಮೂಲಕವೂ ತೇವ ಒಳಸೇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ; ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯಲ್ಲಿ ಈ ಅಂಕಿಗಳು 230 ಮತ್ತು 155. ಘಟ್ಟದ ಇಳಿಜಾರಿನಲ್ಲಿ ದ್ರವ ಕುದಿದು ಆವಿಯ ಗುಳ್ಳೆಗಳು ಹುಟ್ಟಿದರೆ ಪೆಡಲು ಒಮ್ಮೆಗೇ ನೆಲಕ್ಕೆ ಇಳಿಯುತ್ತದೆ. ಅರ್ಧ ಗಂಟೆ ನಿಂತು ತಣಿದ ಮೇಲೆ ಪೆಡಲು ಎಂದಿನಂತಾಗುತ್ತದೆ. ಏನೂ ದೋಷವಿಲ್ಲವೆಂದು ಮುಂದೆ ಸಾಗುವವರು ಮುಂದಿನ ಘಟ್ಟದಲ್ಲಿ ಅದನ್ನೇ ಮತ್ತೆ ಕಾಣುತ್ತಾರೆ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಾಯಿಸಬೇಕೆಂಬ ಸಲಹೆಯ ಹಿನ್ನೆಲೆ ಇದು.

ಪುಣೆಯಲ್ಲಿ ನೆಲೆಸಿದ ಕುಟುಂಬವೊಂದು ಮೇ ತಿಂಗಳ ರಜೆಯಲ್ಲಿ ಹಳೆಯ ಕಾರಿನಲ್ಲಿ ಹೊನ್ನಾವರಕ್ಕೆ ಹೊರಟಿದೆ ಎಂದು ಭಾವಿಸಬಹುದು. ಪ್ರತಿ ತಿಂಗಳೂ ಡಬ್ಬಿಗೆ ಸ್ವಲ್ಪ ದ್ರವ ಹಾಕುವುದು ಅಭ್ಯಾಸವಾಗಿದೆ. ಪೇಟೆಯ ಓಡಾಟದಲ್ಲಿ ತೊಂದರೆ ಕಂಡಿಲ್ಲ. ಬೆಳಗಾವಿ, ಹುಬ್ಬಳ್ಳಿಗಳವರೆಗೆ ರಸ್ತೆ ಬಹುಮಟ್ಟಿಗೆ ಸುಗಮ, ಬ್ರೇಕಿಗೆ ಕೆಲಸವೇ ಕಡಿಮೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ತಿರುವುಗಳು ಆರಂಭವಾದಾಗ, ಐದು ಜನರ ಭಾರ, ಡಿಕ್ಕಿಯ ತುಂಬ ಸಾಮಾನು, ಮುಂದೆ ಅದಿರಿನಷ್ಟೇ ಭಾರದ ಲಾರಿಗಳು. ತಿಂಗಳಿಗೆ ನಾಲ್ಕು ಹನಿ ಸೋರುತ್ತಿದ್ದ ರಬ್ಬರ್ ಕಪ್ ಪೂರ್ತಿ ಸೋತುಹೋಗಲು ಇದಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಉಳಿದದ್ದು ಒಂದು ರಬ್ಬರ್ ಕಿಟ್ಟಿನ ಬೆಲೆ ಮತ್ತು ಗ್ಯಾರೇಜಿನ ಅರ್ಧ ದಿನದ ಕೂಲಿ.

ಇಂತಹ ಸಮಯದಲ್ಲಿ ಮಾಡತಕ್ಕದ್ದನ್ನೂ ಹೇಳಬೇಕು. ಪೆಡಲನ್ನು ವೇಗವಾಗಿ ಮೇಲಿಂದ ಮೇಲೆ ತುಳಿದರೆ ಉಳಿದಿರುವ ದ್ರವ ಸ್ವಲ್ಪವಾದರೂ ಒತ್ತಡ ಹುಟ್ಟಿಸಬಹುದು. ಒಂದೊಂದೇ ಗೇರು ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸಬೇಕು. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು; ಒಮ್ಮೆಗೇ ಎಳೆದರೆ ಹಿಂದಿನ ಚಕ್ರಗಳು ಕಚ್ಚಿಕೊಂಡು ವಾಹನ ಅಡ್ಡ ತಿರುಗುತ್ತದೆ. ಎಂಜಿನ್ ಆರಿಸಕೂಡದು. ಕಮರಿಯ ಬದಿಗಿಂತ ಗುಡ್ಡದ ಬದಿ ಲೇಸು. ಇಳಿಜಾರಿಗೆ ಮೊದಲೇ, ಯಾವ ಗೇರಿನಲ್ಲಿ ಘಟ್ಟ ಏರಬೇಕೋ ಅದೇ ಗೇರಿನಲ್ಲಿ ಇಳಿಯುವ ಲಾರಿ ಚಾಲಕರ ರೂಢಿಯನ್ನು ಅನುಸರಿಸಿದವರಿಗೆ ಈ ಪ್ರಸಂಗ ಬರುವುದೇ ಕಡಿಮೆ.

ದುರಸ್ತಿಯ ವಿಷಯಕ್ಕೆ ಬಂದರೆ, ಬಹಳಷ್ಟು ಅನಾಹುತಕ್ಕೆ ಮೂಲ ಒಂದು ಹೆಸರು. ಗ್ಯಾರೇಜುಗಳಲ್ಲಿ ಎಲ್ಲರೂ ಇದನ್ನು ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಇದು ಆಯಿಲ್ ಅಲ್ಲ. ಹೆಸರನ್ನು ನಂಬಿ ತುರ್ತಿನಲ್ಲಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದರೆ ವ್ಯವಸ್ಥೆಯಲ್ಲಿರುವ ರಬ್ಬರ್ ಭಾಗಗಳೆಲ್ಲ ಊದಿಕೊಳ್ಳುತ್ತವೆ. ಮಾಸ್ಟರ್ ಸಿಲಿಂಡರಿನಿಂದ ಕೊನೆಯ ಹೋಸಿನವರೆಗೆ ಎಲ್ಲವನ್ನೂ ಬದಲಾಯಿಸುವುದಲ್ಲದೆ ಬೇರೆ ಉಪಾಯವಿರುವುದಿಲ್ಲ. ಇದೇ ಕಾರಣದಿಂದ ಬ್ರೇಕಿನ ರಬ್ಬರ್ ಭಾಗಗಳನ್ನು ಸೀಮೆಎಣ್ಣೆ, ಪೆಟ್ರೋಲುಗಳಲ್ಲಿ ತೊಳೆಯಲೂ ಬಾರದು. ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುವ ದರ್ಜೆಯ ದ್ರವವನ್ನೇ, ಅದರಲ್ಲೂ ಮೊಹರು ಒಡೆಯದ ಶೀಸೆಯಿಂದಲೇ ಹಾಕಬೇಕು. ಡಾಟ್ 3 ಇರುವಲ್ಲಿ ಡಾಟ್ 4 ಬೆರೆಸಿದರೆ ಹಾನಿಯಿಲ್ಲ. ಸಿಲಿಕೋನ್ ಮೂಲದ ಡಾಟ್ 5 ಮಾತ್ರ ಬೇರೆ ಜಾತಿ, ಇವುಗಳೊಡನೆ ಅದು ಬೆರೆಯದು. ಹಿಂದಿನ ಮಳೆಗಾಲದಲ್ಲಿ ಅರ್ಧ ಬಳಸಿ ಗೂಡಿನಲ್ಲಿಟ್ಟ ಶೀಸೆಯ ದ್ರವ ಆಗಲೇ ತೇವ ಕುಡಿದಿರುತ್ತದೆ, ಅದು ಉಳಿತಾಯವಲ್ಲ.

ಚಕ್ರ ಬಿಚ್ಚುವ ಮೊದಲು ಜಾಕಿನ ಜೊತೆಗೆ ಭದ್ರವಾದ ಸ್ಟ್ಯಾಂಡ್ ಇಡಬೇಕು, ಎದುರು ಚಕ್ರಗಳಿಗೆ ಕಲ್ಲು ಕೊಡಬೇಕು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನ ಪುಡಿಯನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ತೆಗೆಯುವುದು ಆರೋಗ್ಯಕ್ಕೆ ಹಿತ. ವ್ಹೀಲ್ ಸಿಲಿಂಡರಿನ ಒಳಮೈ ನುಣುಪಾಗಿದ್ದರೆ ಹೊಸ ರಬ್ಬರ್ ಕಿಟ್ ಸಾಕು. ತುಕ್ಕಿನ ಕುಳಿಗಳು ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಬೇಕು, ಏಕೆಂದರೆ ಆ ಕುಳಿಗಳು ಹೊಸ ರಬ್ಬರನ್ನೂ ಬೇಗನೆ ಕೊರೆಯುತ್ತವೆ. ಒಂದು ಬದಿ ಸೋತಿದ್ದರೆ ಅದೇ ವಯಸ್ಸಿನ ಇನ್ನೊಂದು ಬದಿಯೂ ಹತ್ತಿರದಲ್ಲೇ ಇದೆ ಎಂದು ತಿಳಿದು ಎರಡನ್ನೂ ಒಟ್ಟಿಗೆ ಮಾಡಿಸುವುದು ವಿವೇಕ. ದ್ರವ ಕುಡಿದ ಲೈನರನ್ನು ಸುಟ್ಟು ಅಥವಾ ಉಜ್ಜುಕಾಗದದಿಂದ ಉಜ್ಜಿ ಮತ್ತೆ ಹಾಕುವ ಪದ್ಧತಿ ಕೆಲವೆಡೆ ಉಂಟು. ಒಳಕ್ಕೆ ಇಳಿದ ದ್ರವ ಬಿಸಿಯಾದಾಗ ಮತ್ತೆ ಮೇಲೆ ಬರುವುದರಿಂದ ಈ ಪದ್ಧತಿಯನ್ನು ಒಪ್ಪಲಾಗದು. ಒಡೆದ ಉಕ್ಕಿನ ಕೊಳವೆಗೆ ಬೆಸುಗೆ ಹಾಕುವುದೂ, ನಲ್ಲಿಯ ಜೋಡಣೆಗಳಿಂದ ತೇಪೆ ಹಾಕುವುದೂ ಅಷ್ಟೇ ಅಪಾಯಕರ. ಕೊಳವೆಯನ್ನು ಪೂರ್ತಿ ಬದಲಿಸಬೇಕು.

ಕೊನೆಯ ಕೆಲಸ ಗಾಳಿ ತೆಗೆಯುವುದು, ಅಂದರೆ ಬ್ಲೀಡಿಂಗ್. ಇದಕ್ಕೆ ಇಬ್ಬರು ಬೇಕು. ಚಕ್ರದ ಹಿಂದಿನ ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಶೀಸೆಯಲ್ಲಿ ಮುಳುಗಿಸಬೇಕು. ಒಬ್ಬನು ಪೆಡಲು ಒತ್ತಿ ಹಿಡಿದಾಗ ಇನ್ನೊಬ್ಬನು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿಮಾಡಬೇಕು. ಬಿಗಿಯಾದ ಮೇಲೆಯೇ ಪೆಡಲು ಬಿಡಬೇಕು. ಈ ಕ್ರಮ ತಪ್ಪಿದರೆ ಹೋದ ಗಾಳಿ ಹಿಂದಿರುಗುತ್ತದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ರೂಢಿಯಾದರೂ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಉದ್ದಕ್ಕೂ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು. ಹಳೆಯ ವಾಹನಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ವರ್ಷಗಳಿಂದ ಪೆಡಲು ಅರ್ಧ ದೂರ ಮಾತ್ರ ಚಲಿಸುತ್ತಿದ್ದುದರಿಂದ ಮಾಸ್ಟರ್ ಸಿಲಿಂಡರಿನ ಉಳಿದರ್ಧ ಭಾಗದಲ್ಲಿ ಕಿಟ್ಟ ಕಟ್ಟಿರುತ್ತದೆ. ಬ್ಲೀಡಿಂಗ್ ಮಾಡುವಾಗ ಪೆಡಲನ್ನು ನೆಲದವರೆಗೂ ತುಳಿದರೆ ರಬ್ಬರ್ ಆ ಒರಟು ಭಾಗದ ಮೇಲೆ ಹಾದು ಹರಿದುಹೋಗುತ್ತದೆ. ಇದ್ದ ಮಾಸ್ಟರ್ ಸಿಲಿಂಡರೂ ಕೆಡುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟರೆ ಈ ನಷ್ಟ ತಪ್ಪುತ್ತದೆ.

ಹೊರಬಂದ ದ್ರವವನ್ನು ಮತ್ತೆ ಡಬ್ಬಿಗೆ ಹಾಕಬಾರದು, ಚರಂಡಿಗೂ ಸುರಿಯಬಾರದು. ಮುಚ್ಚಿದ ಶೀಸೆಯಲ್ಲಿ ಮಕ್ಕಳ ಕೈಗೆ ಸಿಗದಂತಿಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿನಲ್ಲಿ ಬೇರೆಯಾಗಿಯೇ ಒಪ್ಪಿಸಬೇಕು. ವಾಹನವನ್ನು ರಸ್ತೆಗೆ ಒಯ್ಯುವ ಮುನ್ನ ನಿಂತಲ್ಲಿಯೇ ಪೆಡಲು ಒತ್ತಿ ನೋಡಿ, ಬಳಿಕ ಜನಸಂಚಾರವಿಲ್ಲದ ಕಡೆ ನಿಧಾನ ವೇಗದಲ್ಲಿ ನಾಲ್ಕಾರು ಬಾರಿ ನಿಲ್ಲಿಸಿ ಪರೀಕ್ಷಿಸಬೇಕು. ಡಬ್ಬಿಯ ಹೊರಮೈಯಲ್ಲಿ ದ್ರವ ನಿಂತ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದು ದಿನಾಂಕ ಬರೆಯುವುದು ಒಳ್ಳೆಯ ಅಭ್ಯಾಸ. ಒಂದು ವಾರದ ಬಳಿಕ ಅದೇ ಸಮತಟ್ಟಾದ ಜಾಗದಲ್ಲಿ ಆ ಗೆರೆಯನ್ನು ಮತ್ತೆ ನೋಡಬೇಕು. ದ್ರವ ಗೆರೆಯಲ್ಲಿಯೇ ಇದ್ದರೆ ವಾಹನವನ್ನು ಘಟ್ಟಕ್ಕೆ ಒಯ್ಯಬಹುದು. ಇಳಿದಿದ್ದರೆ, ಎಷ್ಟೇ ಸ್ವಲ್ಪವಾದರೂ, ಜಾಕನ್ನು ಮತ್ತೆ ಹೊರತೆಗೆಯಬೇಕು.